ಕಪ್ಪು ಹಗ್ಗದ ಕಲ್ಲು

ಕೊಳದ ಕಡೆಗೆ ಹೊರಳುವ ಮೊದಲ ಹಾಸುಗಲ್ಲಿನ ಮೇಲೆ, ಕಪ್ಪು ಹಗ್ಗದಿಂದ ಬಿಗಿದ ಪುಟ್ಟ ಗುಂಡುಕಲ್ಲೊಂದು ಕೂತಿತ್ತು. ಚಿಗುಸಾ ಎತ್ತಿದ ಹೆಜ್ಜೆಯನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡಳು.

ಕ್ಯೋತೋದ ತೋಟಗಳಲ್ಲಿ ಆ ಕಲ್ಲಿನದು ಒಂದೇ ಮಾತು: ಇಲ್ಲಿಂದ ಮುಂದೆ ಬರಬೇಡಿ.

ಅವಳು ಕೆಲಸ ಮಾಡುವ ಚಹಾಮನೆಗೆ ದಿನದ ದಾರಿ ಅದು. ನಿನ್ನೆ ಸಂಜೆ ಬಾಗಿಲು ಹಾಕುವಾಗ, ತೋಟದ ಕೆಲಸದ ಷಿಗೆರುವಿಗೆ ಅವಳೇ ಹೇಳಿದ್ದಳು: "ಅಷ್ಟು ದೂರದ ಸಪ್ಪೊರೊದಿಂದ ಸೋದರತ್ತೆ ಕರೀತಿದ್ದಾರೆ, ಅವರ ಹೋಟೆಲಿನ ಕೆಲಸಕ್ಕೆ. ಹೋದರೆ ಅಲ್ಲೇ ಇರೋದು. ನಾಳೆ ಉತ್ತರ ಕೊಡ್ಬೇಕು. ನಿಮಗೆ ಏನಾದ್ರೂ ಹೇಳೋದಿದ್ರೆ ಅಷ್ಟರೊಳಗೆ ಹೇಳಿ."

ಅವನು ಕತ್ತರಿ ಒರೆಸುತ್ತಾ "ಹೂಂ" ಎಂದಿದ್ದ. ಮೂರು ವರ್ಷದಿಂದಲೂ ಅದೇ ಹೂಂ.

ಈಗ ಹೇಳಿಯೇಬಿಟ್ಟನಲ್ಲ, ಕಲ್ಲಿನ ಕೈಲಿ.

ಮೇಪಲ್ ಎಲೆಗಳ ಸಂದಿಯಿಂದ ಎಳೆಬಿಸಿಲು ಇಳಿಯುತ್ತಿತ್ತು, ನೋಡುವ ಮನಸ್ಸಿರಲಿಲ್ಲ. ಬಿದಿರು ಬೇಲಿಯ ತನಕ ಹೋದಳು, ತಿರುಗಿದಳು. ತೊರೆಯ ಸೇತುವೆ ಹತ್ತಿದಳು, ಇಳಿದಳು, ಮತ್ತೆ ಹತ್ತಿದಳು. ಕೊನೆಗೆ, ಇನ್ನು ಇಲ್ಲೇನಿದೆ ಎಂದು ಸ್ಟೇಷನ್ ಕಡೆಯ ಬಾಗಿಲಿಗೆ ದಾಪುಗಾಲು ಹಾಕಿದಳು.

ಅಲ್ಲೂ ಒಂದು ಕಲ್ಲು. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಅದರ ಹಗ್ಗದ ಗಂಟು ಬಿಗಿಯುತ್ತಿದ್ದ ಷಿಗೆರು.

"ಅಲ್ಲಿ ಒಳಗೆ ಬರಬೇಡ ಅಂತೀರಿ, ಇಲ್ಲಿ ಹೊರಗೂ ಹೋಗಬೇಡ ಅಂತೀರಿ. ನಾನೇನು ಬೇಲಿ ಮೇಲೆ ಕೂತ್ಕೊಳ್ಲಾ, ಷಿಗೆರು ಅವರೇ?"

"ಕೊಳದ ಕಲ್ಲು ಯಜಮಾನರದ್ದು. ಅಂದಕ್ಕೆ ಹೊಸ ಪಾಚಿ ಕೂರಿಸಿದ್ದಾರೆ, ಯಾರೂ ತುಳೀಬಾರದು ಅಂತ."

"ಮತ್ತೆ ಇದು?"

"ಇದು ನಂದು."

ಅವಳು ಸುತ್ತ ನೋಡಿದಳು. ಬರೀ ಜಲ್ಲಿ. "ಇಲ್ಲಿ ಪಾಚೀನೇ ಇಲ್ವಲ್ಲ."

"ಇಲ್ಲ." ಅವನ ಕಿವಿಗಳು ಕೆಂಪಾದವು. "ಈ ದಾರಿ ಸ್ಟೇಷನ್ನಿಗೆ ಹೋಗುತ್ತೆ."

ಚಿಗುಸಾಗೆ ಅರ್ಥವಾಯಿತು. ಆದರೂ ಬಿಡಲಿಲ್ಲ.

"ಕಲ್ಲನ್ನ ಯಾರು ಬೇಕಾದ್ರೂ ದಾಟ್ತಾರೆ. ಬಾಯಲ್ಲಿ ಹೇಳಿ."

ಅವನು ಎದ್ದ. ಮಣ್ಣಾದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡ. ಒಮ್ಮೆ ಅವಳ ಕಣ್ಣು ನೋಡಿದ, ಒಮ್ಮೆ ನೆಲ, ಮತ್ತೆ ಕಣ್ಣನ್ನೇ.

"ಹೋಗಬೇಡ, ಚಿಗುಸಾ."

'ಅವರೇ' ಇರಲಿಲ್ಲ. 'ಬೇಡಿ' ಕೂಡ ಅಲ್ಲ. ಮೂರು ವರ್ಷ ಜತನದಿಂದ ಕಾಯ್ದುಕೊಂಡು ಬಂದ ಮರ್ಯಾದೆ ಒಂದೇ ಉಸಿರಿಗೆ ಕಳಚಿ ಬಿದ್ದಿತ್ತು. ಅವನಿಗೇ ಗಾಬರಿಯಾಯಿತು.

"ತಪ್ಪಾಯ್ತು, ಚಿಗುಸಾ ಅವರೇ, ನಾನು ಹೇಳ್ಬೇಕು ಅಂದಿದ್ದು ಏನಂದ್ರೆ..."

"ಬೇಡ," ಎಂದಳು ಅವಳು, ಮೆಲ್ಲಗೆ. "ಮೊದಲು ಹೇಳಿದ ಹಾಗೇ ಹೇಳು."