ಉಗುರಿಗೆ ಸಿಕ್ಕ ಗೀರು

"ಇದು ಬರೋ ಹಾಗೆ ಕಾಣ್ಸಲ್ಲ," ಎನ್ನುತ್ತಾ ಅಮ್ಮ ಪಂಪನ್ನು ಮತ್ತೊಮ್ಮೆ ಕಾಲಲ್ಲಿ ತುಳಿದಳು. ಪುಸ್ ಎಂದು ಗಾಳಿ ಹೋಯಿತು. ಪಿಸ್ಟನ್ ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

ಟಿಲ್ಡಾ ಬೆಳಗಿನಿಂದ ಒಂದು ಕಡೆ ನಿಂತಿರಲಿಲ್ಲ. ಗ್ಯಾರೇಜಿನಲ್ಲಿ ತಾತನ ಹಸಿರು ಸ್ಪೋರ್ಟ್ಸ್ ಕಾರು ಮುಂದಿನ ಚಕ್ರಗಳಿಲ್ಲದೆ ನಿಂತಿತ್ತು. ಇಬ್ಬರಿಗಷ್ಟೇ ಸೀಟು, ವಯಸ್ಸಿನಲ್ಲಿ ಅಮ್ಮನಿಗಿಂತ ದೊಡ್ಡದು. ಅದರ ಬಲಗಡೆಯ ಕ್ಯಾಲಿಪರ್ ಬಿಚ್ಚಿ ಮೇಜಿನ ಮೇಲಿಟ್ಟಿದ್ದರು. ಬ್ರೇಕ್ ಒತ್ತಿದಾಗ ಚಕ್ರದ ತಟ್ಟೆಯನ್ನು ಎರಡೂ ಕಡೆಯಿಂದ ಅಮುಕಿ ನಿಲ್ಲಿಸುವ ಕಬ್ಬಿಣದ ಹಿಡಿ ಅದು. ಒಳಗೆ ಎರಡು ಪಿಸ್ಟನ್, ಒಂದೊಂದಕ್ಕೂ ಒಂದು ರಬ್ಬರ್ ಬಳೆ.

ಆ ಕಾಲದಲ್ಲಿ ಎರಡು ಬಗೆಯ ಕ್ಯಾಲಿಪರ್ ಬರುತ್ತಿದ್ದವು. ನೋಡಲು ಅವಳಿಜವಳಿ, ಆದರೆ ಒಂದರ ಅಳತೆ ಇಂಚಿನಲ್ಲಿ, ಇನ್ನೊಂದರದು ಮಿಲಿಮೀಟರಿನಲ್ಲಿ. ತಂತಿ ಬ್ರಷ್ಷಿನಿಂದ ತುಕ್ಕು ಉಜ್ಜಿ, ಕಬ್ಬಿಣದಲ್ಲಿ ಅಚ್ಚಾಗಿದ್ದ ನಂಬರ್ ಓದಿ, ಇದು ಇಂಚಿನದು ಎಂದು ಕಂಡುಹಿಡಿದವಳು ಟಿಲ್ಡಾ. ಆ ಜಂಬ ಇನ್ನೂ ಇಳಿದಿರಲಿಲ್ಲ.

ಸ್ಟೂಲಿನ ಮೇಲೆ ಕೂತು ಯಜಮಾನಿಕೆ ನಡೆಸುವುದು ತಾತ ವಿಲ್ಫ್ ಅವರ ಕೆಲಸ. ತಮ್ಮನ್ನು ಬಿಟ್ಟು ಬೇರೆ ಯಾರೂ ಈ ಕಾರಿನ ಬ್ರೇಕ್ ಮುಟ್ಟಿಲ್ಲ ಎಂದು ಅವರು ಹತ್ತು ನಿಮಿಷಕ್ಕೊಮ್ಮೆ ಹೇಳುತ್ತಿದ್ದರು. ಅದರ ಜೊತೆ ಇನ್ನೊಂದು ಮಾತೂ ಇತ್ತು.

"ಪಿಸ್ಟನ್ನಿಗೆ ಇಕ್ಕಳ ಹಾಕೋನು ಮೆಕ್ಯಾನಿಕ್ಕೇ ಅಲ್ಲ, ತಿಳ್ಕೋ."

ಬರುವ ಭಾನುವಾರ ತಾತನಿಗೆ ಎಂಬತ್ತು ತುಂಬುತ್ತದೆ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಮ್ಮ ಗುಡ್ಡದ ಇಳಿಜಾರಿನಲ್ಲಿ ಈ ಕಾರು ಓಡಿಸಬೇಕು. ಕೆಳಗಿನ ಮೈದಾನದಲ್ಲಿ ಹಳೇ ಕಾರಿನವರೆಲ್ಲ ಅಂದು ಸೇರುತ್ತಾರೆ.

ಅಮ್ಮ ಮತ್ತು ತಾತ ಟೀ ಮಾಡಲು ಒಳಗೆ ಹೋದರು. ಟಿಲ್ಡಾಳಿಗೆ ಕಾಯುವುದೆಂದರೆ ಆಗದು. ಇಕ್ಕಳ ಅಲ್ಲೇ ಗೋಡೆಯ ಮೇಲಿತ್ತು. ಒಂದೇ ಸಲ, ಮೆಲ್ಲಗೆ ತಿರುಗಿಸಿ ನೋಡೋಣ ಅಂದುಕೊಂಡಳು. ಎರಡು ಸಲ ಜಾರಿತು. ಮೂರನೆಯ ಸಲ ಪಿಸ್ಟನ್ ಕಿತ್ತುಕೊಂಡು ಕೈಗೆ ಬಂತು.

ಅದರ ನುಣ್ಣನೆಯ ಮೈಮೇಲೆ ಇಕ್ಕಳದ ಹಲ್ಲಿನ ಮೂರು ಗೀರು ಬಿದ್ದಿದ್ದವು. ಟಿಲ್ಡಾ ಬಾಗಿಲ ಕಡೆ ನೋಡಿದಳು. ಇಕ್ಕಳವನ್ನು ಗೋಡೆಗೆ ಸಿಕ್ಕಿಸಿ, ಉಪ್ಪುಕಾಗದ ತಂದು ಗಸಗಸ ಉಜ್ಜಿದಳು. ಕಣ್ಣಿಗೆ ಗೀರು ಮರೆಯಾಯಿತು.

ಒಳಬಂದ ಅಮ್ಮ ಖುಷಿಯಾದಳು. ಪಂಪು ತುಳಿದೆ, ಬಂತು ಅಂದಳು ಟಿಲ್ಡಾ. ಅಷ್ಟಕ್ಕೇ ಮುಗಿಯಲಿಲ್ಲ. ಪಿಸ್ಟನ್ನಿನ ಸುತ್ತ ಉಗುರು ಓಡಿಸಿ ನೋಡುವ ಕೆಲಸ ಅವಳದೇ, ಏಕೆಂದರೆ ಮೂವರಲ್ಲಿ ಅವಳ ಉಗುರೇ ತೆಳು. ಉಗುರು ಎಲ್ಲಾದರೂ ಟಕ್ ಎಂದು ಸಿಕ್ಕಿದರೆ ಆ ಪಿಸ್ಟನ್ ಬಿಸಾಡಬೇಕು. ಇವತ್ತಲ್ಲ ನಾಳೆ ಬ್ರೇಕ್ ಆಯಿಲ್ ಸೋರುವುದು ಅಲ್ಲಿಂದಲೇ. ಹೊಸ ಪಿಸ್ಟನ್ ತರಿಸಲು ಎರಡು ವಾರ ಬೇಕು.

ಟಿಲ್ಡಾ ಉಗುರು ಓಡಿಸಿದಳು. ಟಕ್.

"ಏನಾದ್ರೂ ಸಿಕ್ತಾ?" ಎಂದರು ತಾತ.

"ಇಲ್ಲ," ಅಂದಳು ಟಿಲ್ಡಾ.

ಆ ವಾರ ಅವಳಿಗೆ ಯಾವುದೂ ಸೇರಲಿಲ್ಲ. ಕ್ಲಾಸಿನಲ್ಲಿ ಡೆಸ್ಕಿನ ಅಂಚಿನ ಮೇಲೆ ಉಗುರು ಓಡಿಸುತ್ತಾ ಕೂತಳು, ಮಿಸ್ ಎರಡು ಸಲ ಹೆಸರು ಕರೆದದ್ದು ಕೇಳಿಸಲೇ ಇಲ್ಲ. ಮನೆಗೆ ಬಂದವಳೇ ಬ್ಯಾಗ್ ಎಸೆದು ಗ್ಯಾರೇಜಿಗೆ ಓಡುತ್ತಿದ್ದಳು. ಮತ್ತೆ ಜೋಡಿಸಿದ್ದ ಬಲಗಡೆ ಕ್ಯಾಲಿಪರಿನ ಕೆಳಗೆ ಹಾಸಿದ ಪೇಪರ್ ದಿನವೂ ಒಣಗಿಯೇ ಇರುತ್ತಿತ್ತು. ಒಂದು ಗಳಿಗೆ ನೆಮ್ಮದಿ, ಆಮೇಲೆ ಮತ್ತೆ ಅದೇ ಭಯ. ಇಳಿಜಾರಿನಲ್ಲಿ ಅಮ್ಮ ಜೋರಾಗಿ ಬ್ರೇಕ್ ಒತ್ತಿದರೆ?

ಶನಿವಾರ ಎಡಗಡೆಯದನ್ನು ಬಿಚ್ಚಿದರು. ಹಲವು ವರ್ಷಗಳಿಂದ ಆಯಿಲ್ ಸೋರುತ್ತಿದ್ದುದು ಈ ಕಡೆಯೇ. ಕಾರು ಮೂಲೆ ಸೇರಿದ್ದೂ ಅದಕ್ಕೇ. ರಬ್ಬರ್ ಕಳಪೆ ಎಂದು ತಾತ ಅದನ್ನು ಮಾಡಿದವರನ್ನು ಬೈಯುತ್ತಲೇ ಇರುತ್ತಿದ್ದರು. ಪಂಪು ತುಳಿದ ಕೂಡಲೇ ಪಿಸ್ಟನ್ ಸಲೀಸಾಗಿ ಈಚೆ ಬಂತು. ಅಮ್ಮ ಅದನ್ನು ಒರೆಸಿ ಟಿಲ್ಡಾಳ ಕೈಗಿಟ್ಟಳು.

ಉಗುರು ಓಡಿಸುವುದೇ ಬೇಕಿರಲಿಲ್ಲ. ಸಾಲಾಗಿ ಹಲ್ಲಿನ ಗುರುತು, ಒಂದೊಂದರಲ್ಲೂ ಕಂದು ತುಕ್ಕು. ರಬ್ಬರ್ ಬಳೆ ಸರಿಯಾಗಿ ಅಲ್ಲೇ ಹರಿದಿತ್ತು.

"ಯಾರೋ ಇಕ್ಕಳ ಹಾಕಿದಾರೆ," ಅಂದಳು ಅಮ್ಮ.

ತಾತ ಕನ್ನಡಕ ತೆಗೆದು ಒರೆಸತೊಡಗಿದರು. ಟಿಲ್ಡಾ ತಾತನ ಕಡೆ ನೋಡಲೇ ಇಲ್ಲ. ಹರಿದ ರಬ್ಬರನ್ನೇ ನೋಡುತ್ತಿದ್ದಳು.

"ಬಲಗಡೆದೂ ಬಿಚ್ಚಬೇಕು," ಅಂದಳು.

"ಯಾಕೆ? ಅದು ಆಯ್ತಲ್ಲ."

"ಅದ್ರಲ್ಲೂ ಗೀರಿದೆ, ಅಮ್ಮಾ. ನಾನೇ ಇಕ್ಕಳ ಹಾಕ್ದೆ. ಉಗುರಿಗೆ ಸಿಕ್ಕಿತ್ತು, ಇಲ್ಲ ಅಂತ ಸುಳ್ಳು ಹೇಳ್ದೆ."

ಅಮ್ಮನ ಮುಖ ಕೆಂಪಾಯಿತು. ಸ್ಪ್ಯಾನರ್ ತೆಗೆದುಕೊಂಡು ಬಲಗಡೆಗೆ ಹೋದಳು. ನಾಳೆ ಎಲ್ಲಿಗೂ ಹೋಗುವುದಿಲ್ಲ ಎಂದಷ್ಟೇ ಅಲ್ಲಿಂದ ಹೇಳಿದಳು. ಎಡಗಡೆಯದೂ ಕೆಟ್ಟಿದೆ ಎಂಬುದು ಮರೆತೇಹೋಗಿ, ಎಂಬತ್ತನೆಯ ಹುಟ್ಟುಹಬ್ಬ ತನ್ನಿಂದ ಹಾಳಾಯಿತಲ್ಲ ಎಂದು ಟಿಲ್ಡಾಳಿಗೆ ಅಳು ಬಂತು.

ತಾತ ಸ್ಟೂಲಿನಿಂದ ಎದ್ದು, ಮೊಣಕಾಲು ಹಿಡಿದುಕೊಂಡು, ಕಷ್ಟಪಟ್ಟು ನೆಲದ ಮೇಲೆ ಅವಳ ಪಕ್ಕ ಕೂತರು. ತುಕ್ಕು ಹಿಡಿದ ಪಿಸ್ಟನ್ನನ್ನು ಕೈಗೆ ತೆಗೆದುಕೊಂಡರು.

"ಇದಕ್ಕೆ ನಾನು ಇಕ್ಕಳ ಹಾಕಿದಾಗ ನಿಮ್ಮಮ್ಮ ನಿನ್ನಷ್ಟೇ ಇದ್ಲು," ಅಂದರು. "ಅವತ್ತು ಸಾಯಂಕಾಲಾನೇ ಅವಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ಆ ಇಳಿಜಾರಲ್ಲಿ ಹೋದೆ. ಯಾರಿಗೂ ಹೇಳ್ಲಿಲ್ಲ."

ಬಲಗಡೆ ಸ್ಪ್ಯಾನರಿನ ಸದ್ದು ನಿಂತಿತು. ಅಮ್ಮ ಅಲ್ಲಿಂದಲೇ ತನ್ನ ಅಪ್ಪನನ್ನು ನೋಡುತ್ತಿದ್ದಳು.

ಟಿಲ್ಡಾಳಿಗೆ ಒಂದು ವಾರಕ್ಕೇ ಸಾಕುಸಾಕಾಗಿತ್ತು. ತಾತ ಮೂವತ್ತು ವರ್ಷ ಇದನ್ನು ಒಬ್ಬರೇ ಇಟ್ಟುಕೊಂಡಿದ್ದರು. ಅವಳು ಹತ್ತಿರ ಸರಿದು ಅವರ ತೋಳಿಗೆ ಒರಗಿ ಕೂತಳು.