ಕೂದಲ ಸೇತುವೆ

ಬಹಳ ಹಿಂದೆ, ನಮ್ಮ ಅಜ್ಜಿಯರ ಅಜ್ಜಿಯರೂ ಹುಟ್ಟದಿದ್ದ ಕಾಲದಲ್ಲಿ, ಜೋಡಿದುರ್ಗ ಎಂಬ ಒಂದು ರಾಜ್ಯವಿತ್ತು. ರಾಜ್ಯದ ನಟ್ಟನಡುವೆ ತಳ ಕಾಣದ ಒಂದು ಕಮರಿ. ಅದಕ್ಕೆ ಯಾವ ಕಾಲದ ಶಾಪವಿತ್ತೋ, ಮನುಷ್ಯರ ಕೂದಲು ಕಟ್ಟಿರದ ಯಾವುದೂ ಅದನ್ನು ದಾಟುತ್ತಿರಲಿಲ್ಲ. ನಾರಿನ ಹಗ್ಗ ಹಾಕಿದರೆ ಬೂದಿಯಾಗುತ್ತಿತ್ತು. ಮರದ ದಿಮ್ಮಿ ಹಾಕಿದರೆ ಪುಡಿಯಾಗುತ್ತಿತ್ತು. ಕೂಗಿದರೆ ಕೂಗನ್ನೂ ನುಂಗಿಬಿಡುತ್ತಿತ್ತು. ಹಾಗಾಗಿ ಎರಡೂ ದಡದ ಹೆಂಗಸರು ವರ್ಷಕ್ಕೊಮ್ಮೆ ಸೇತುವೆಯ ಹಬ್ಬದ ದಿನ ಜಡೆಯ ತುದಿಯಿಂದ ಒಂದು ಚೋಟು ಕೂದಲು ಕತ್ತರಿಸಿ ಕೊಡುತ್ತಿದ್ದರು. ಅದನ್ನು ಹೊಸೆದು, ಸೇತುವೆಯ ಸವೆದ ಎಳೆ ತೆಗೆದು, ಹೊಸ ಎಳೆ ಹೆಣೆಯುತ್ತಿದ್ದರು.

ಪಡುವಣ ದಡದವರು ನೇಕಾರರು. ಮಗ್ಗ ಬಿಟ್ಟರೆ ಅವರಿಗೆ ಬೇರೆ ಲೋಕವಿಲ್ಲ. ಅವರ ತಲೆಗೆ ಎಣ್ಣೆ ಹಚ್ಚಿ, ಸೀಗೆಪುಡಿಯಲ್ಲಿ ತೊಳೆದು, ಬಾಚಿ ಹೆಣೆದು ಬರುವುದು ಮೂಡಣ ದಡದ ಹೆಂಗಸರ ಕೆಲಸ. ಆ ಹೆಂಗಸರಲ್ಲಿ ಸಂಪವ್ವನನ್ನು ಮೀರಿಸುವವರಿರಲಿಲ್ಲ. ಅವಳಿಗೆ ಈ ವಿದ್ಯೆ ಕಲಿಸಿದವಳು ಅವಳ ತಾಯಿ. ಸಿಕ್ಕು ಬಿಡಿಸುವಾಗ ಕೈ ಅವಸರ ಮಾಡಿದರೆ ತಾಯಿ ಹಿಂದಿನಿಂದ ಒಂದೇ ಮಾತು ಹೇಳುತ್ತಿದ್ದಳು: "ನಿಧಾನ ಮಗಳೇ, ನಿಧಾನ."

ತಾಯಿ ತೀರಿಹೋದ ಮೇಲೆ ಆ ಮಾತು ಹೇಳುವವರಿಲ್ಲವಾಯಿತು.

ಆಗ ಬಂದ ಮುಂಡಕೇತ. ಹೊಗೆಗುಡ್ಡದ ಮಾಂತ್ರಿಕ ಅವನು. ಸಾಧು ಮುದುಕನ ವೇಷದಲ್ಲಿ, ಕೈಯಲ್ಲೊಂದು ಕರಿಯ ಕುಡಿಕೆ ಹಿಡಿದು ಸಂಪವ್ವನ ಬಾಗಿಲಲ್ಲಿ ನಿಂತ.

"ತಾಯೀ, ಇದರಲ್ಲಿ ಒಂದು ತೊಟ್ಟು ಸಾಕು. ಬೆಳಗಾಗುವಷ್ಟರಲ್ಲಿ ಜಡೆ ಮಂಡಿಗೆ ಬರ್ತದೆ. ದಿನಾ ದಿನಾ ಯಾಕೆ ಈ ತಿಕ್ಕಾಟ?"

ಈ ಸಲದ ಹಬ್ಬದಲ್ಲಿ ಎಲ್ಲರಿಗಿಂತ ಉದ್ದದ ಕೂದಲು ತನ್ನದೇ ಆಗಬೇಕೆಂಬ ಆಸೆ ಸಂಪವ್ವನಿಗೆ. ಹಚ್ಚಿಕೊಂಡಳು. ಬೆಳಗ್ಗೆ ಜಡೆ ಮಂಡಿಗೆ ಬಂದಿತ್ತು. ಸಂಪವ್ವನೇ ಹಚ್ಚಿಕೊಂಡ ಮೇಲೆ ಬೇರೆಯವರಿಗೇನು ಅನುಮಾನ? ತಮಗೂ ಬೇಕೆಂದು ಎಲ್ಲರೂ ಬಂದರು; ಎರಡೂ ದಡದ ತಲೆಗಳಿಗೆ ಅವಳೇ ತನ್ನ ಕೈಯಾರೆ ಹಚ್ಚಿದಳು. ಒಂಬತ್ತು ವರ್ಷದ ಮಗಳು ಹೊನ್ನಿಯ ತಲೆಗೂ ಹಚ್ಚಿದಳು. ಹಬ್ಬಕ್ಕೆ ರಾಶಿ ರಾಶಿ ಕೂದಲು ಬಂತು. ಹಳೆಯ ಎಳೆಗಳನ್ನೆಲ್ಲ ಕಿತ್ತೆಸೆದು ಇಡೀ ಸೇತುವೆಯನ್ನು ಹೊಸದಾಗಿ ಹೆಣೆದರು.

ಹಬ್ಬದ ಮಾರನೆಯ ದಿನ ಹೊನ್ನಿ ಪಡುವಣದಲ್ಲಿದ್ದ ಸೋದರತ್ತೆಯ ಮನೆಗೆ ಹೋದಳು. ಅವಳು ಆ ದಡ ಮುಟ್ಟಿ ತಿರುಗಿ ಕೈಬೀಸುತ್ತಿದ್ದಳು. ಅಷ್ಟರಲ್ಲಿ ಸೇತುವೆ ಬೂದಿಯಾಗಿ ಉದುರಿತು. ಯಾರ ಪುಣ್ಯವೋ, ಅದರ ಮೇಲೆ ಆಗ ಯಾರೂ ಇರಲಿಲ್ಲ. ಅದೇ ಗಳಿಗೆಯಲ್ಲಿ ಎಲ್ಲರ ತಲೆಗೂದಲೂ ಬುಡಸಮೇತ ಉದುರಿ, ಗಾಳಿಯಲ್ಲಿ ಹಾರಿ ಹೊಗೆಗುಡ್ಡದ ಕಡೆ ಹೋಯಿತು. ನೆತ್ತಿಗಳು ಬಿಸಿಲಿಗೊಣಗಿದ ಕೆರೆಯಂಗಳದಂತೆ ಬಿರುಕುಬಿಟ್ಟವು.

ಸಂಪವ್ವ ಕಮರಿಯ ಅಂಚಿನಲ್ಲಿ ಕುಸಿದು ಕೂತಳು. ಆಚೆ ದಡದಲ್ಲಿ ಬೋಳುತಲೆಯ ಪುಟ್ಟ ಹುಡುಗಿ ಬಾಯಿ ತೆರೆದು ಅಳುತ್ತಿದ್ದಳು. ಅಳು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. 'ಇದು ನಾನೇ ಮಾಡಿದ್ದು' ಎಂದು ಸಂಪವ್ವನ ಎದೆ ಒಡೆಯಿತು.

ಅತ್ತು ಮುಗಿದ ಮೇಲೆ ಅವಳು ಬಾಚಣಿಗೆ, ಸೀಗೆಪುಡಿ, ಎಣ್ಣೆ ಗಿಂಡಿ ಗಂಟು ಕಟ್ಟಿಕೊಂಡು ಹೊಗೆಗುಡ್ಡಕ್ಕೆ ನಡೆದಳು.

ಮುಂಡಕೇತ ಗುಹೆಯಲ್ಲಿ ಕೂತು ಕದ್ದ ಕೂದಲಿನಿಂದ ಕಂಬಳಿ ನೇಯುತ್ತಿದ್ದ. ಅದನ್ನು ಹೊದ್ದರೆ ಅವನಿಗೆ ಸಾವೇ ಇಲ್ಲ. ಆದರೆ ಕೂದಲು ಸಾಲದೆ ಇನ್ನೂ ಒಂದು ಅಂಚು ಬಾಕಿಯಿತ್ತು.

"ನಮ್ಮ ತಲೆಗಳನ್ನ ಮೊದಲಿನ ಹಾಗೆ ಮಾಡು" ಎಂದಳು ಸಂಪವ್ವ.

ಮಾಂತ್ರಿಕ ನಕ್ಕ. "ಮೂರು ಕೆಲಸ ಕೊಡ್ತೀನಿ. ಮೂರೂ ಮಾಡಿದರೆ ಶಾಪ ಬಿಡ್ತೀನಿ. ಒಂದು ತಪ್ಪಿದರೂ ನೀನು ಇಲ್ಲೇ ಕಲ್ಲು."

ಮೊದಲನೆಯ ಕೆಲಸಕ್ಕೆ ಒಂದು ಮಾಯಾ ಕರಡಿಯನ್ನು ಕರೆದ. ನೂರು ವರ್ಷದ ಸಿಕ್ಕು ಅದರ ಮೈಮೇಲಿತ್ತು. ಒಂದು ಕೂದಲು ಕಿತ್ತರೂ ಅದು ಸೀಳಿಹಾಕುತ್ತಿತ್ತು. "ನಿಧಾನ ಮಗಳೇ, ನಿಧಾನ" ಎಂದು ಸಂಪವ್ವ ತನಗೆ ತಾನೇ ಹೇಳಿಕೊಂಡಳು. ಬಾಚಣಿಗೆಯನ್ನು ಬುಡಕ್ಕೆ ಹಾಕಲಿಲ್ಲ. ತುದಿಯ ಎರಡು ಬೆರಳಷ್ಟು ಬಿಡಿಸಿದಳು. ಅದರ ಮೇಲಿನ ಎರಡು ಬೆರಳಷ್ಟು ಬಿಡಿಸಿದಳು. ಹೀಗೆ ಮೂರು ಹಗಲು ಕಳೆದು ಬುಡ ಮುಟ್ಟುವಷ್ಟರಲ್ಲಿ ಕರಡಿ ಅವಳ ತೊಡೆಯ ಮೇಲೆ ತಲೆಯಿಟ್ಟು ನಿದ್ದೆಹೋಗಿತ್ತು.

ಎರಡನೆಯ ಕೆಲಸಕ್ಕೆ ಒಬ್ಬ ಮುದಿ ರಕ್ಕಸಿಯನ್ನು ತೋರಿಸಿದ. ಅವಳ ನೆತ್ತಿಯ ಮೇಲೆ ಹೊಟ್ಟು ಹಲಗೆಗಟ್ಟಿತ್ತು. "ಕೆರೆದು ಕೆರೆದು ಸಾಯ್ತಿದೀನಿ ಕಣೇ. ಕುದಿಯೋ ನೀರು ಸುರಿ, ಉಗುರಲ್ಲಿ ಕೀಳು!" ಎಂದು ರಕ್ಕಸಿ ಅಬ್ಬರಿಸಿದಳು.

"ನಿಧಾನ" ಎಂದಳು ಸಂಪವ್ವ. ಎಣ್ಣೆ ಹಚ್ಚಿ ಹೊಟ್ಟು ಮೆತ್ತಗಾಗಲು ಬಿಟ್ಟಳು. ಉಗುರು ತಾಗಿಸದೆ ಬೆರಳ ತುದಿಯ ಮೆತ್ತೆಯಿಂದ ಸುತ್ತ ಸುತ್ತ ತಿಕ್ಕಿದಳು. ಉಗುರುಬೆಚ್ಚಗಿನ ನೀರಲ್ಲಿ ಸೀಗೆ ಕಲಸಿ ತೊಳೆದು, ಬಟ್ಟೆಯಿಂದ ಉಜ್ಜದೆ ಒತ್ತಿ ಒತ್ತಿ ಒರೆಸಿದಳು. ಎರಡು ದಿನ ಬಿಟ್ಟು ಮತ್ತೆ ಮಾಡಿದಳು, ಮತ್ತೆರಡು ದಿನ ಬಿಟ್ಟು ಮತ್ತೆ. ಹೊಟ್ಟು ತಾನಾಗಿ ಬಿಟ್ಟಿತು. ರಕ್ಕಸಿ ಸಣ್ಣ ಮಗುವಿನಂತೆ ಅತ್ತಳು.

ಮುಂಡಕೇತನ ಮುಖ ಕಪ್ಪಿಟ್ಟಿತು. ಮೂರನೆಯ ಕೆಲಸಕ್ಕೆ ಒಂದು ದುಂಡುಗಲ್ಲು ತಂದಿಟ್ಟ. "ಇದರ ಮೇಲೆ ಕೂದಲು ಬೆಳೆಸು. ಒಂದು ಮಂಡಲ ಕಾಲ ಕೊಟ್ಟಿದೀನಿ."

ನಲವತ್ತೆಂಟು ದಿನ! ಸಂಪವ್ವ ದಿನಾ ಬೆಳಗ್ಗೆ ಕಲ್ಲನ್ನು ತೊಡೆಯ ಮೇಲಿಟ್ಟುಕೊಂಡು, ಅದು ಹೊನ್ನಿಯ ನೆತ್ತಿ ಎಂದುಕೊಂಡು ತಿಕ್ಕಿದಳು. ಹತ್ತು ದಿನವಾಯಿತು, ಕಲ್ಲು ಕಲ್ಲಾಗಿಯೇ ಇತ್ತು. ಮೂವತ್ತು ದಿನವಾಯಿತು, ಕಲ್ಲು ಕಲ್ಲಾಗಿಯೇ ಇತ್ತು. ಮೈಯಲ್ಲಿ ಜ್ವರವಿದ್ದ ದಿನವೂ ಬಿಡಲಿಲ್ಲ, ನಂಬಿಕೆಯೇ ಇಲ್ಲದ ದಿನವೂ ಬಿಡಲಿಲ್ಲ. ನಲವತ್ತೇಳನೆಯ ದಿನ ಮಾಂತ್ರಿಕ ಕರಿಯ ಕುಡಿಕೆ ಹಿಡಿದು ಬಂದ.

"ನಾಳೆಗೆ ನಿನ್ನ ಗಡುವು ಮುಗೀತು. ಮಗಳ ಮುಖ ನೆನಪು ಮಾಡ್ಕೊ. ಒಂದೇ ತೊಟ್ಟು ಹಾಕು ಸಾಕು."

ಸಂಪವ್ವ ಕುಡಿಕೆಯನ್ನು ಕೈಗೆ ತೆಗೆದುಕೊಂಡಳು. ಎಷ್ಟೋ ಹೊತ್ತು ನೋಡಿದಳು. "ಮಗಳ ತಲೆಗೆ ಇದನ್ನ ಒಂದು ಸಲ ಹಾಕಿದೀನಿ. ಆ ಒಂದು ಸಲ ಸಾಕು" ಎಂದು ನೆಲಕ್ಕೆ ಸುರಿದುಬಿಟ್ಟಳು.

ಮರುದಿನ ಬೆಳಗ್ಗೆ ಎಂದಿನಂತೆ ಕಲ್ಲನ್ನು ತಿಕ್ಕುತ್ತಿದ್ದಾಗ ಬೆರಳಿಗೆ ಏನೋ ಚುರುಕ್ಕೆಂದಿತು. ಒಂದೇ ಒಂದು ಕೂದಲು, ಅಕ್ಕಿಕಾಳಿನಷ್ಟು ಉದ್ದದ್ದು. ಸಂಪವ್ವ ಅದನ್ನು ಮುಟ್ಟಿ ಮುಟ್ಟಿ ನೋಡಿದಳು. ಮೂರೂ ಕೆಲಸ ಮುಗಿದು ಶಾಪ ಬಿಟ್ಟಿತು; ಗುಹೆಯೊಳಗೆ ಕಂಬಳಿ ಎಳೆ ಎಳೆಯಾಗಿ ಬಿಚ್ಚಿ ಮಣ್ಣಾಯಿತು. ತನ್ನ ಪ್ರಾಣವನ್ನೇ ಅದರಲ್ಲಿ ಹೆಣೆದಿದ್ದ ಮುಂಡಕೇತನೂ ಅದರೊಡನೆ ಮಣ್ಣಾದ. ಕರಡಿ ಕಾಡಿಗೆ ಹೋಯಿತು, ರಕ್ಕಸಿ ತನ್ನ ದಾರಿ ಹಿಡಿದಳು.

ಸಂಪವ್ವ ಓಡೋಡಿ ಕಮರಿಗೆ ಬಂದಳು. ನೆತ್ತಿಗಳ ಬಿರುಕು ಕೂಡಿಕೊಂಡಿತ್ತು, ಆದರೆ ಕೂಸಿನ ತಲೆಯಲ್ಲಿರುವಂಥ ತೆಳು ಎಳೆಯ ಕೂದಲು ಮಾತ್ರ ಕಾಣುತ್ತಿತ್ತು. ಅದನ್ನು ಉದ್ದ ಮಾಡುವ ಮಂತ್ರ ಯಾರ ಬಳಿಯೂ ಇರಲಿಲ್ಲ. ತಿಂಗಳಿಗೊಂದು ಬೆರಳಗಲ, ವರ್ಷಕ್ಕೊಂದು ಚೋಟು. ಕೂದಲು ಆಗಲೂ ಅಷ್ಟೇ ಬೆಳೆಯುತ್ತಿತ್ತು, ಈಗಲೂ ಅಷ್ಟೇ ಬೆಳೆಯುತ್ತದೆ.

ಪಡುವಣದವರಿಗೋ ತಲೆ ನೋಡಿಕೊಳ್ಳುವುದೇ ಗೊತ್ತಿಲ್ಲ. ಹೇಳೋಣವೆಂದರೆ ಕೂಗು ದಾಟದು. ಸಂಪವ್ವ ಬೆಳಗಿನ ಬಿಸಿಲಲ್ಲಿ ಅಂಚಿನ ಬಂಡೆಯ ಮೇಲೆ ಕೂತು, ಬೆರಳುಗಳನ್ನು ನೆತ್ತಿಯ ಮೇಲಿಟ್ಟು ಸುತ್ತ ಸುತ್ತ ಆಡಿಸಿದಳು. ಆಚೆ ದಡದಲ್ಲಿ ಹೊನ್ನಿ ನೋಡಿದಳು. ಅವಳೂ ಹಾಗೆಯೇ ಮಾಡಿದಳು. ಮರುದಿನ ಹೊನ್ನಿಯ ಪಕ್ಕ ಸೋದರತ್ತೆ ಕೂತಿದ್ದಳು. ವಾರ ಕಳೆಯುವುದರಲ್ಲಿ ಪಡುವಣದ ದಡದ ತುಂಬ ನೇಕಾರರ ಹೆಂಗಸರು.

ಹೀಗೆ ದಿನಾ. ವಾರಕ್ಕೆರಡು ಸಲ ಎಣ್ಣೆ ಗಿಂಡಿ ಎತ್ತಿ ತೋರಿಸುತ್ತಿದ್ದಳು. ತೊಳೆದ ತಲೆಯನ್ನು ನೆರಳಲ್ಲಿ ಆರಿಸಿ ಆಮೇಲಷ್ಟೇ ಬಾಚುತ್ತಿದ್ದಳು. ಬಾಚಣಿಗೆಯನ್ನು ಸೆರಗಲ್ಲಿ ಬಚ್ಚಿಟ್ಟು, ಪಕ್ಕದವಳು ಕೇಳಿದರೆ ಕೊಡುವುದಿಲ್ಲವೆಂದು ತಲೆಯಾಡಿಸಿ, ಅವರವರ ಬಾಚಣಿಗೆ ಅವರವರಿಗೆಂದು ಕಲಿಸಿದಳು. ನೆಲ್ಲಿಕಾಯಿ, ಎಳ್ಳುಂಡೆ, ಸೊಪ್ಪಿನ ಪಲ್ಯವನ್ನು ಎಲ್ಲರಿಗೂ ಕಾಣುವ ಹಾಗೆ ತಿಂದಳು. ಅದನ್ನು ಕಂಡು ಹೊನ್ನಿ ನಗುತ್ತಿದ್ದಳು. ಆ ನಗು ಕಂಡ ದಿನ ಸಂಪವ್ವನಿಗೆ ಹೊಟ್ಟೆ ತುಂಬಿದಂತಾಗುತ್ತಿತ್ತು.

ನಾಲ್ಕು ವರ್ಷ. ಮಗಳು ಎತ್ತರವಾದದ್ದನ್ನು ತಾಯಿ ದೂರದಿಂದಲೇ ನೋಡಿದಳು. ಅಪ್ಪಿಕೊಳ್ಳಲಾಗದೆ ಎಷ್ಟೋ ಬೆಳಗು ಕಣ್ಣೊರೆಸಿಕೊಂಡೇ ಬಾಚಿದಳು.

ನಾಲ್ಕನೆಯ ವರ್ಷದ ಹಬ್ಬದ ದಿನ ಎರಡೂ ದಡದವರು ಒಂದೊಂದು ಮೊಳ ಕೂದಲು ಕೊಟ್ಟರು. ಪಡುವಣದವರು ಹೊಸೆದ ಎಳೆಯೊಂದನ್ನು ಬಾಣಕ್ಕೆ ಕಟ್ಟಿ ಬಿಟ್ಟರು. ಕಮರಿ ಅದನ್ನು ನುಂಗಲಿಲ್ಲ. ಮೂಡಣದವರು ಹಿಡಿದು ತಮ್ಮ ಎಳೆಗೆ ಗಂಟು ಹಾಕಿದರು. ಹದಿನೈದು ದಿನದಲ್ಲಿ ಸೇತುವೆ ನಿಂತಿತು.

ಮೊದಲು ದಾಟಿದವಳು ಹೊನ್ನಿ. ಅವಳಿಗೀಗ ಹದಿಮೂರು. ಸಂಪವ್ವ ಮಗಳನ್ನು ಅಪ್ಪಿಕೊಂಡು, ಭುಜ ಮುಟ್ಟುತ್ತಿದ್ದ ಅವಳ ಕೂದಲ ಬುಡದಲ್ಲಿ ಬೆರಳಾಡಿಸಿದಳು. ನೆತ್ತಿ ಬೆಚ್ಚಗಿತ್ತು, ಸ್ವಚ್ಛವಾಗಿತ್ತು.

"ತಪ್ಪಾಯ್ತು ಕಂದಾ. ನಿನ್ನ ತಲೆಗೆ ಅದನ್ನ ಹಚ್ಚಿದವಳು ನಾನೇ" ಎಂದಳು ಅಳುತ್ತ.

ಹೊನ್ನಿ ತಾಯಿಯನ್ನು ಬಂಡೆಯ ಮೇಲೆ ಕೂರಿಸಿ ಹಿಂದೆ ಕೂತಳು. ನಾಲ್ಕು ವರ್ಷದಲ್ಲಿ ಸಂಪವ್ವನ ಕೂದಲಿಗೆ ನರೆ ಬಂದಿತ್ತು, ಕಮರಿಯ ಗಾಳಿಗೆ ಸಿಕ್ಕಾಗಿತ್ತು. ಹೊನ್ನಿ ತನ್ನ ಬಾಚಣಿಗೆ ತೆಗೆದಳು. ಸ್ವಲ್ಪ ಯೋಚಿಸಿ ಅದನ್ನು ಮತ್ತೆ ಸೆರಗಲ್ಲಿಟ್ಟು, ತಾಯಿಯದನ್ನು ಕೇಳಿ ಪಡೆದಳು. ತುದಿಯಿಂದ ಶುರುಮಾಡಿದಳು.

ಸಂಪವ್ವ ತಿರುಗಿ ನೋಡಲು ಹೋದಳು.

"ಅಲುಗಾಡಬೇಡವ್ವಾ, ನಿಧಾನ" ಎಂದಳು ಮಗಳು.

ಆಮೇಲೆ ಜೋಡಿದುರ್ಗದಲ್ಲಿ ಆ ಸೇತುವೆ ಯಾವತ್ತೂ ಹರಿಯಲಿಲ್ಲ. ಎರಡೂ ದಡದವರು ಹೋಗುತ್ತ ಬರುತ್ತ, ಒಬ್ಬರ ತಲೆ ಒಬ್ಬರು ಬಾಚುತ್ತ, ತುಂಬು ಬಾಳು ಬಾಳಿದರು.