ಕಪ್ಪು ಟೇಪು

ನನ್ನಪ್ಪ ಎಲೆಕ್ಟ್ರಿಷಿಯನ್. ಪ್ರತಿ ಮಳೆಗಾಲಕ್ಕೆ ಮುಂಚೆ ಮನೆಯ ಒಂದೊಂದು ವೈರನ್ನೂ ಸವರಿ ನೋಡಿ, ಸವೆದಲ್ಲಿ ಕಪ್ಪು ಟೇಪು ಸುತ್ತಿ ಹಲ್ಲಿನಲ್ಲೇ ಕಡಿಯುತ್ತಿದ್ದರು.

“ಮನೇಲಿ ಕತ್ತರಿ ಇಲ್ವೇನ್ರೀ?” ಎಂದು ಅಮ್ಮ ರೇಗಿದರೆ, “ಉಳಿದಿರೋ ನಾಲ್ಕು ಹಲ್ಲಿಗೂ ಕೆಲಸ ಬೇಡ್ವೇನೇ?” ಎಂದು ನಗುತ್ತಿದ್ದರು.

ಅವರು ಹೋಗಿ ಐದು ಮಳೆಗಾಲ ಕಳೆದಿವೆ. ಈ ಸಲ ವೈರು ನೋಡಲು ನನಗೆ ಪುರುಸೊತ್ತಾಗಲಿಲ್ಲ.

ನಿನ್ನೆ ಮಧ್ಯಾಹ್ನ ಮನೆಯೊಳಗೆ ಅದೇ ಟೇಪಿನ ವಾಸನೆ ಬಂತು. ಜಾಡು ಹಿಡಿದು ಹೋಗಿ, ಹೋದ ವರ್ಷವಷ್ಟೇ ಕೊಂಡ ವಾಷಿಂಗ್ ಮಷಿನ್ ಸರಿಸಿದೆ. ಮಗಳು ದಿನಾ ಬರಿಗಾಲಲ್ಲಿ ನಿಲ್ಲುವುದು ಅದರ ಪಕ್ಕದಲ್ಲೇ. ನೆಲದಲ್ಲಿ ಇಲಿ ಕಡಿದುಹಾಕಿದ ವೈರಿನ ಸಿಪ್ಪೆ. ವೈರಿನ ಮೇಲೆ ಹೊಸ ಟೇಪು.

“ನೀನು ಸುತ್ತಿದ್ಯಾ?” ಎಂದು ಹೆಂಡತಿಯನ್ನು ಕೇಳಿದೆ.

“ನಮ್ಮನೇಲಿ ಟೇಪ್ ಎಲ್ಲಿದೆ ರೀ?” ಎಂದಳು.

ಟೇಪಿನ ತುದಿಗೆ ಬೆರಳಿಟ್ಟೆ. ಎಂಜಲು ಇನ್ನೂ ಆರಿರಲಿಲ್ಲ.